ನೀರು ತುಂಬಿಸುವ ಮೊದಲು ಅಕ್ವೇರಿಯಂ ಗಿಡ ಬೆಳೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಜಿನ ತೊಟ್ಟಿಯ ತಳದಲ್ಲಿ ದಟ್ಟವಾದ ಹಸಿರು ಹಾಸು ಬೆಳೆಸಬೇಕೆಂಬ ಆಸೆಯಿಂದ ಅಕ್ವೇರಿಯಂ ಕಟ್ಟಲು ಹೊರಟವರು ‘ಡ್ರೈ ಸ್ಟಾರ್ಟ್’ ವಿಧಾನದ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಅಳತೆಗಳನ್ನು ಹೇಳುವಾಗ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ, ಸುಮಾರು 65 ಲೀಟರ್ ನೀರು ಹಿಡಿಯುವ ಎರಡಡಿ ತೊಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಾಗಿದೆ. ತೊಟ್ಟಿ ಚಿಕ್ಕದಾಗಲಿ ದೊಡ್ಡದಾಗಲಿ, ಕ್ರಮ ಒಂದೇ.

ಡ್ರೈ ಸ್ಟಾರ್ಟ್ ಎಂದರೆ ಏನು?

ತೊಟ್ಟಿಯೊಳಗೆ ಮಣ್ಣು, ಕಲ್ಲು, ಮರದ ತುಂಡುಗಳನ್ನು ಕೊನೆಯಲ್ಲಿ ಹೇಗೆ ಕಾಣಬೇಕೋ ಹಾಗೆಯೇ ಜೋಡಿಸಿ, ಮಣ್ಣನ್ನು ಚೆನ್ನಾಗಿ ನೆನೆಸಿ, ಗಿಡಗಳನ್ನು ನೆಟ್ಟು, ಬಾಯಿಯನ್ನು ಮುಚ್ಚಿ, ಕೆಲವು ವಾರಗಳ ಕಾಲ ನೀರು ತುಂಬಿಸದೆ ಬೆಳೆಯಲು ಬಿಡುವ ವಿಧಾನವಿದು. ಗಿಡ ಬೇರು ಹಿಡಿದು ಹರಡಿದ ನಂತರವೇ ತೊಟ್ಟಿಗೆ ನೀರು ತುಂಬಿಸಲಾಗುತ್ತದೆ. ಹವ್ಯಾಸಿಗಳ ನಡುವೆ ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಟಾಮ್ ಬಾರ್. ಆದರೆ ವ್ಯಾಪಾರಕ್ಕಾಗಿ ಅಕ್ವೇರಿಯಂ ಗಿಡ ಬೆಳೆಸುವ ನರ್ಸರಿಗಳಿಗೆ ಇದು ಹೊಸದಲ್ಲ. ಡೆನ್ಮಾರ್ಕ್‌ನ ಟ್ರೋಪಿಕಾದಂಥ ದೊಡ್ಡ ನರ್ಸರಿಗಳು ಬಹುಪಾಲು ಗಿಡಗಳನ್ನು ಹಸಿರುಮನೆಯಲ್ಲಿ, ಎಲೆಗಳು ಗಾಳಿಯಲ್ಲಿರುವಂತೆಯೇ ಬೆಳೆಸುತ್ತವೆ. ನೀವು ಅಂಗಡಿಯಿಂದ ಕುಂಡದಲ್ಲಿ ತಂದ ಗಿಡ ಅಲ್ಲಿಯವರೆಗೆ ನೀರಿನಲ್ಲಿ ಮುಳುಗಿಯೇ ಇರದಿದ್ದಿರಬಹುದು.

ನೀರಿನ ಗಿಡ ನೀರಿನಿಂದ ಹೊರಗೆ ಹೇಗೆ ಬದುಕುತ್ತದೆ?

ಅಕ್ವೇರಿಯಂ ಗಿಡಗಳೆಂದು ಮಾರಾಟವಾಗುವ ಜಾತಿಗಳಲ್ಲಿ ಹೆಚ್ಚಿನವು ಹೊಳೆಯ ದಡ, ಗದ್ದೆಯ ಅಂಚು, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ತಗ್ಗುಗಳಲ್ಲಿ ಹುಟ್ಟಿದವು. ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳನ್ನು ಮಳೆಗಾಲದಲ್ಲಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜೂನ್ ಕಳೆಯುವಷ್ಟರಲ್ಲಿ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು ರೋಟಾಲಾದಂಥ ಸಣ್ಣ ಗಿಡಗಳು ಅದರೊಳಗೆ ಮುಳುಗಿ ಬೆಳೆಯುತ್ತವೆ, ಮಳೆ ಹಿಂದೆಗೆದು ನೀರು ಇಳಿದಂತೆ ತಲೆ ಹೊರಗೆ ಹಾಕುತ್ತವೆ. ನೀರಿನೊಳಗೂ ಹೊರಗೂ ಬದುಕುವ ಈ ಶಕ್ತಿಯನ್ನೇ ಡ್ರೈ ಸ್ಟಾರ್ಟ್ ಬಳಸಿಕೊಳ್ಳುತ್ತದೆ.

ಆದರೆ ಎರಡೂ ಸ್ಥಿತಿಯಲ್ಲಿ ಗಿಡ ಒಂದೇ ಬಗೆಯ ಎಲೆ ಬಿಡುವುದಿಲ್ಲ. ಗಾಳಿಯಲ್ಲಿ ಬೆಳೆದ ಎಲೆಯ ಮೇಲೆ ತೇವಾಂಶ ಆರಿಹೋಗದಂತೆ ತಡೆಯುವ ಮೇಣದಂಥ ಪದರವಿರುತ್ತದೆ ಮತ್ತು ಅನಿಲ ವಿನಿಮಯಕ್ಕೆ ಪತ್ರರಂಧ್ರಗಳಿರುತ್ತವೆ. ನೀರಿನೊಳಗೆ ಬೆಳೆದ ಎಲೆಯಲ್ಲಿ ಈ ಪದರ ಬಹಳ ತೆಳು, ಪತ್ರರಂಧ್ರಗಳು ಇರುವುದೇ ಇಲ್ಲ ಅಥವಾ ಕೆಲಸ ಮಾಡುವುದಿಲ್ಲ; ಅದು ತನ್ನ ಇಡೀ ಮೈಯಿಂದಲೇ ಅನಿಲವನ್ನೂ ಪೋಷಕಾಂಶವನ್ನೂ ಹೀರಿಕೊಳ್ಳುತ್ತದೆ. ಮುಂದೆ ನೀರು ತುಂಬಿಸಿದಾಗ ಎದುರಾಗುವ ಬಹುತೇಕ ತೊಂದರೆಗಳ ಮೂಲ ಈ ವ್ಯತ್ಯಾಸದಲ್ಲಿದೆ.

ಇಷ್ಟೆಲ್ಲ ಕಾಯುವುದರಿಂದ ಏನು ಲಾಭ?

ಮೊದಲ ಲಾಭ ಇಂಗಾಲದ ಡೈಆಕ್ಸೈಡ್ (ಸಿಒ2). ಇಂದಿನ ಗಾಳಿಯಲ್ಲಿ ಅದರ ಪ್ರಮಾಣ ದಶಲಕ್ಷಕ್ಕೆ 420 ಭಾಗಗಳ ಆಸುಪಾಸಿನಲ್ಲಿದೆ, ಅಂದರೆ ಒಂದು ಲೀಟರ್ ಗಾಳಿಯಲ್ಲಿ ಮುಕ್ಕಾಲು ಮಿ.ಗ್ರಾಂನಷ್ಟು. ಆ ಗಾಳಿಗೆ ತೆರೆದುಕೊಂಡ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 0.6 ಮಿ.ಗ್ರಾಂ. ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಎಂಬುದು ಹಲವರಿಗೆ ಆಶ್ಚರ್ಯದ ಸಂಗತಿ. ವ್ಯತ್ಯಾಸವಿರುವುದು ಚಲನೆಯಲ್ಲಿ: ಈ ಅನಿಲ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ನೀರಿನೊಳಗಿನ ಎಲೆ ತನ್ನ ಮೈಗೆ ತಾಗಿದ ಪದರದಲ್ಲಿರುವುದನ್ನು ಬಳಸಿ ಮುಗಿಸಿದರೆ ಮತ್ತೆ ತುಂಬಿಕೊಳ್ಳಲು ಕಾಯಬೇಕಾಗುತ್ತದೆ, ಗಾಳಿಯಲ್ಲಿರುವ ಎಲೆಗೆ ಆ ಕಾಯುವಿಕೆ ಇಲ್ಲ. ಹೀಗಾಗಿ ಈ ಅನಿಲವನ್ನು ಒದಗಿಸುವ ಸಿಲಿಂಡರ್, ರೆಗ್ಯುಲೇಟರ್ ಯಾವುದೂ ಇಲ್ಲದೆ ಗಿಡ ಚೆನ್ನಾಗಿ ಬೆಳೆಯುತ್ತದೆ.

ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತಲೂ ಮುಖ್ಯವಾದುದು, ಬೇರು. ಕ್ಯೂಬಾ ಅಥವಾ ಮಾಂಟೆ ಕಾರ್ಲೊದಂಥ ಪುಟ್ಟ ಗಿಡಗಳನ್ನು ನೀರು ತುಂಬಿದ ತೊಟ್ಟಿಯಲ್ಲಿ ನೆಟ್ಟವರಿಗೆ ಮರುದಿನ ಬೆಳಿಗ್ಗೆ ಅರ್ಧದಷ್ಟು ಗಿಡ ಮೇಲೆ ತೇಲುತ್ತಿರುವುದು ಗೊತ್ತೇ ಇರುತ್ತದೆ. ಡ್ರೈ ಸ್ಟಾರ್ಟ್‌ನಲ್ಲಿ ಗಿಡ ನೆಲವನ್ನು ಗಟ್ಟಿಯಾಗಿ ಹಿಡಿದ ಮೇಲೆಯೇ ನೀರನ್ನು ಕಾಣುವುದರಿಂದ ಆ ತೊಂದರೆ ಇಲ್ಲ. ಹಿಂಬದಿಗೆ ಎತ್ತರವಾಗಿ ಏರಿಸಿದ ಮಣ್ಣಿನ ಇಳಿಜಾರೂ ಬೇರಿನ ಜಾಲದಿಂದ ಬಿಗಿಯಾಗಿ ನಿಲ್ಲುತ್ತದೆ. ಇದರ ಜೊತೆಗೆ ಈ ವಾರಗಳಲ್ಲಿ ಫಿಲ್ಟರ್ ಓಡಿಸಬೇಕಿಲ್ಲ, ನೀರು ಬದಲಿಸಬೇಕಿಲ್ಲ, ಕರೆಂಟ್ ಹೋದರೆ ಆತಂಕವಿಲ್ಲ, ಪಾಚಿಯ ಕಾಟವೂ ಕಡಿಮೆ.

ಯಾವ ಗಿಡಗಳು ಇದಕ್ಕೆ ಹೊಂದುತ್ತವೆ?

ನೆಲಕ್ಕೆ ಹಾಸುವ ಸಣ್ಣ ಗಿಡಗಳಿಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಮೊದಲ ಬಾರಿ ಮಾಡುವವರಿಗೆ ಮಾಂಟೆ ಕಾರ್ಲೊವನ್ನು ನಾನು ಸೂಚಿಸುತ್ತೇನೆ, ಏಕೆಂದರೆ ಅದು ಬೇಗ ಹರಡುತ್ತದೆ ಮತ್ತು ನೀರು ತುಂಬಿಸಿದ ಮೇಲೂ ಕ್ಯೂಬಾಗಿಂತ ಸೈರಣೆ ತೋರುತ್ತದೆ. ಹುಲ್ಲಿನಂತೆ ಕಾಣುವ ಎಲಿಯೋಕ್ಯಾರಿಸ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಮೂಲದ ಗ್ಲೊಸ್ಸೊಸ್ಟಿಗ್ಮಾ, ನಾಲ್ಕೆಲೆಯ ಜರೀಗಿಡವಾದ ಮಾರ್ಸೀಲಿಯಾ, ಸ್ಟೌರೊಜೈನ್ ಇವೂ ಚೆನ್ನಾಗಿ ಬರುತ್ತವೆ. ಅನುಬಿಯಾಸ್, ಬೋರ್ನಿಯೊ ದ್ವೀಪದ ಹೊಳೆಗಲ್ಲುಗಳ ಮೇಲೆ ಬೆಳೆಯುವ ಬ್ಯುಸಿಫಲ್ಯಾಂಡ್ರಾ, ಕ್ರಿಪ್ಟೊಕೊರೈನ್‌ಗಳು ನಿಧಾನ, ಆದರೆ ಆರೋಗ್ಯವಾಗಿರುತ್ತವೆ. ರೋಟಾಲಾ, ಹೈಗ್ರೊಫಿಲಾ, ನೀರುಬ್ರಾಹ್ಮಿಯಂಥ ಕಾಂಡದ ಗಿಡಗಳೂ ಸಲೀಸಾಗಿ ಬೆಳೆಯುತ್ತವೆ. ಆದರೆ ಅವು ನೀರಿನಲ್ಲಿಯೇ ಅಷ್ಟೊಂದು ವೇಗವಾಗಿ ಬೆಳೆಯುವುದರಿಂದ ಅವುಗಳಿಗಾಗಿಯೇ ವಾರಗಟ್ಟಲೆ ಕಾಯುವ ಅಗತ್ಯ ನನಗೆ ಕಾಣುವುದಿಲ್ಲ. ನೀರು ತುಂಬಿಸುವ ದಿನ ನೆಟ್ಟರೆ ಸಾಕು.

ಯಾವ ಗಿಡಗಳನ್ನು ಹೀಗೆ ಬೆಳೆಸಬಾರದು?

ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಎಜೀರಿಯಾ, ಕಬೊಂಬಾ, ಸೆರಟೊಫಿಲಮ್, ಬ್ಲಿಕ್ಸಾ ಇವೆಲ್ಲ ನೀರಿನೊಳಗೇ ಬದುಕುವ ಗಿಡಗಳು. ನೀರಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಬಾಡಿ ಮಲಗುತ್ತವೆ. ತೊಟ್ಟಿಯ ವಿನ್ಯಾಸದಲ್ಲಿ ಇವುಗಳಿಗೆ ಸ್ಥಳವಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು, ನೀರು ತುಂಬಿಸಿದ ಮೇಲೆ ನೆಡಬೇಕು.

ಗದ್ದೆ, ಹಳ್ಳದಿಂದ ಗಿಡ ತಂದು ನೆಡಬಹುದೇ?

ನಿಮ್ಮದೇ ಗದ್ದೆಯ ಬದುವಿನಲ್ಲಿ ಮಾರ್ಸೀಲಿಯಾ ಅಥವಾ ನೀರುಬ್ರಾಹ್ಮಿ ಹೇರಳವಾಗಿದ್ದರೆ ಒಂದು ಹಿಡಿ ತರುವುದರಲ್ಲಿ ತಪ್ಪಿಲ್ಲ. ಆದರೆ ಕೀಟನಾಶಕ ಅಥವಾ ಕಳೆನಾಶಕ ಸಿಂಪಡಿಸಿದ ಗದ್ದೆಯ ಗಿಡ ಬೇಡ, ಏಕೆಂದರೆ ಅದರ ಅಂಶ ಸೀಗಡಿಗಳನ್ನು ಕೊಲ್ಲುತ್ತದೆ. ಜಿಗಣೆ, ಬಸವನಹುಳುವಿನ ಮೊಟ್ಟೆ ಜೊತೆಗೆ ಬರುವುದು ಖಚಿತವೆಂದೇ ತಿಳಿದು ಗಿಡವನ್ನು ಬೇರೆ ಪಾತ್ರೆಯಲ್ಲಿ ಕೆಲವು ವಾರ ಇಟ್ಟು, ಹೊಸ ಚಿಗುರನ್ನಷ್ಟೇ ಕತ್ತರಿಸಿ ಬಳಸುವುದು ಒಳ್ಳೆಯದು. ಪಶ್ಚಿಮ ಘಟ್ಟದ ತೊರೆಗಳಲ್ಲಿರುವ ಲ್ಯಾಗೆನಾಂಡ್ರಾ, ಕ್ರಿಪ್ಟೊಕೊರೈನ್‌ಗಳ ವಿಷಯ ಬೇರೆ. ಅವುಗಳಲ್ಲಿ ಕೆಲವು ಬಹಳ ಸೀಮಿತ ಪ್ರದೇಶದಲ್ಲಷ್ಟೇ ಇವೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಗಿಡ ಕೀಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ನರ್ಸರಿಯಲ್ಲಿ ಬೆಳೆಸಿದ ಗಿಡ ಸಿಗುವಾಗ ಹೊಳೆಯಿಂದ ಕಿತ್ತು ತರಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ.

ತಳಕ್ಕೆ ಯಾವ ಮಣ್ಣು ಹಾಕಬೇಕು? ತೋಟದ ಕೆಂಪು ಮಣ್ಣು ಆಗುತ್ತದೆಯೇ?

ಅಕ್ವಾ ಸಾಯಿಲ್ ಎಂದು ಮಾರುವ, ಸುಟ್ಟ ಮಣ್ಣಿನ ಕಾಳುಗಳು ಈ ಕೆಲಸಕ್ಕೆ ಎಲ್ಲಕ್ಕಿಂತ ಅನುಕೂಲ. ಕಾಳುಗಳ ನಡುವೆ ಗಾಳಿಯಾಡುತ್ತದೆ, ಕಾಳುಗಳೊಳಗೆ ತೇವ ನಿಲ್ಲುತ್ತದೆ, ಪೋಷಕಾಂಶವೂ ಇರುತ್ತದೆ. ಮುಂಭಾಗದಲ್ಲಿ 3ರಿಂದ 4 ಸೆಂ.ಮೀ., ಹಿಂಭಾಗದಲ್ಲಿ ಅದಕ್ಕಿಂತ ಹೆಚ್ಚು ದಪ್ಪ ಹಾಕಬಹುದು. ನೆಡುವ ಜಾಗದಲ್ಲಿ ಸಣ್ಣ ಕಾಳಿನ ‘ಪೌಡರ್’ ಬಗೆಯನ್ನು ತೆಳುವಾಗಿ ಹರಡಿದರೆ ಪುಟ್ಟ ಬೇರುಗಳಿಗೆ ಹಿಡಿತ ಸಿಗುತ್ತದೆ.

ಅದರ ಬೆಲೆ ಭಾರವೆನಿಸಿದರೆ ಕೆಂಪು ಮಣ್ಣು ಖಂಡಿತ ಆಗುತ್ತದೆ. ಗೊಬ್ಬರ ಹಾಕದ ಮಣ್ಣನ್ನು ಜರಡಿ ಹಿಡಿದು, ನೀರಿನಲ್ಲಿ ನೆನೆಸಿ, ತೇಲುವ ಕಸವನ್ನು ತೆಗೆದು ಒಣಗಿಸಬೇಕು. ಹೀಗೆ ಎರಡು ಮೂರು ಸಲ ನೆನೆಸಿ ಒಣಗಿಸಿದರೆ ಅದರಲ್ಲಿನ ಸಾವಯವ ಅಂಶ ಬಹುಮಟ್ಟಿಗೆ ಕೊಳೆತು ಮುಗಿಯುತ್ತದೆ. ಅದನ್ನು 2 ಸೆಂ.ಮೀ. ದಪ್ಪ ಹರಡಿ, ಮೇಲೆ 1ರಿಂದ 2 ಮಿ.ಮೀ. ಕಾಳಿನ ತೊಳೆದ ಮರಳನ್ನು 3 ಸೆಂ.ಮೀ. ಮುಚ್ಚಬೇಕು. ಎಂ-ಸ್ಯಾಂಡ್ ಬಳಸುವುದಾದರೆ ಅದರ ಹುಡಿ ಹೋಗಿ ನೀರು ತಿಳಿಯಾಗುವವರೆಗೂ ತೊಳೆಯಬೇಕು. ಎರೆಭೂಮಿಯ ಕಪ್ಪು ಮಣ್ಣು ಬೇಡ. ಅದು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುತ್ತದೆ, ಸುಣ್ಣದ ಅಂಶವೂ ಅದರಲ್ಲಿ ಹೆಚ್ಚಿರುತ್ತದೆ. ಸಗಣಿ ಗೊಬ್ಬರ ಮತ್ತು ಎರೆಗೊಬ್ಬರವನ್ನು ಮುಚ್ಚಿದ ತೊಟ್ಟಿಯಲ್ಲಿ ಹಾಕಿದರೆ ಬೂಷ್ಟು ಬರುತ್ತದೆ, ಮುಂದೆ ನೀರಿಗೆ ಅಮೋನಿಯಾ ಬಿಡುತ್ತದೆ.

ಎಷ್ಟು ನೀರು ಹಾಕಬೇಕು?

ಹೆಚ್ಚಿನವರು ಎಡವುವುದು ಇಲ್ಲಿಯೇ, ಅದೂ ಹೆಚ್ಚು ನೀರು ಹಾಕಿ. ತೊಟ್ಟಿಯ ಮುಂಭಾಗದ ಗಾಜಿನಿಂದ ನೋಡಿದರೆ ನೀರಿನ ಗೆರೆ ಮಣ್ಣಿನ ಮೇಲ್ಮೈಗಿಂತ ಒಂದೆರಡು ಸೆಂ.ಮೀ. ಕೆಳಗೆ ಕಾಣಬೇಕು. ಮೇಲಿನ ಪದರಕ್ಕೆ ಬೇಕಾದ ತೇವವನ್ನು ಮಣ್ಣು ತಾನೇ ಮೇಲಕ್ಕೆ ಹೀರಿಕೊಳ್ಳುತ್ತದೆ. ಬೆರಳಿನಿಂದ ಒತ್ತಿದರೆ ಬೆರಳು ಒದ್ದೆಯಾಗಬೇಕು, ಆದರೆ ಒತ್ತಿದ ಗುಳಿಯಲ್ಲಿ ನೀರು ನಿಲ್ಲಬಾರದು. ನೀರು ಮೇಲೆ ನಿಂತರೆ ಬೇರಿಗೆ ಗಾಳಿ ಸಿಗದೆ ಗಿಡ ಕೊಳೆಯುತ್ತದೆ ಮತ್ತು ಕಡುಹಸಿರಿನ ಲೋಳೆಯಂಥ ಸಯಾನೊಬ್ಯಾಕ್ಟೀರಿಯಾ ಹರಡಿಕೊಳ್ಳುತ್ತದೆ. ಹೆಚ್ಚಾದ ನೀರನ್ನು ಒಂದು ಮೂಲೆಯಿಂದ ಸಿರಿಂಜ್ ಅಥವಾ ಸಣ್ಣ ಕೊಳವೆಯಲ್ಲಿ ಎಳೆದು ತೆಗೆಯಬಹುದು. ಇಳಿಜಾರು ಮಾಡಿದ್ದರೆ ಅದರ ನೆತ್ತಿ ಬೇಗ ಒಣಗುತ್ತದೆ; ಆ ಭಾಗಕ್ಕೆ ಮಾತ್ರ ಹೆಚ್ಚು ಸಲ ನೀರು ಚಿಮುಕಿಸಬೇಕು.

ನೆಡುವ ಕ್ರಮ ಹೇಗೆ?

ಜೆಲ್ಲಿಯಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಕಪ್‌ಗಳನ್ನು ಕೊಂಡರೆ ಬಸವನಹುಳು, ಪಾಚಿ, ಕೀಟಗಳ ಭಯವಿಲ್ಲ. ಬೇರಿಗೆ ಅಂಟಿದ ಜೆಲ್ಲಿಯನ್ನು ಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು, ಉಳಿದರೆ ಅದರ ಮೇಲೆಯೇ ಮೊದಲು ಬೂಷ್ಟು ಕಾಣಿಸುತ್ತದೆ. ಬಳಿಕ ಗಿಡವನ್ನು ಐದಾರು ಕಾಂಡಗಳಷ್ಟು ಸಣ್ಣ ತುಣುಕುಗಳಾಗಿ ಬಿಡಿಸಿ, ತುದಿ ಚೂಪಾದ ಚಿಮಟದಿಂದ 2ರಿಂದ 3 ಸೆಂ.ಮೀ. ಅಂತರದಲ್ಲಿ ನೆಡಬೇಕು. ಎಲೆಯ ತುದಿಯಷ್ಟೇ ಮೇಲೆ ಕಾಣುವಷ್ಟು ಆಳಕ್ಕೆ ಇಳಿಸಿದರೂ ತೊಂದರೆಯಿಲ್ಲ. ದೊಡ್ಡ ಗಡ್ಡೆಯಾಗಿಯೇ ನೆಟ್ಟರೆ ಮೊದಲ ದಿನ ತುಂಬಿದಂತೆ ಕಾಣುತ್ತದೆ, ಆದರೆ ನಡುವಿನ ಗಿಡ ಬೆಳಕು ಸಿಗದೆ ಹಳದಿಯಾಗುತ್ತದೆ ಮತ್ತು ಹಾಸು ಸಮನಾಗಿ ಹರಡುವುದಿಲ್ಲ. ಟಿಶ್ಯೂ ಕಲ್ಚರ್ ಗಿಡಕ್ಕೆ ಮೊದಲ ವಾರ ಪೂರ್ತಿ ತೇವದ ಗಾಳಿ ಬೇಕು, ಏಕೆಂದರೆ ಅದು ಮುಚ್ಚಿದ ಕಪ್ಪಿನಿಂದ ಆಗಷ್ಟೇ ಹೊರಬಂದಿರುತ್ತದೆ.

ತೊಟ್ಟಿಯ ಬಾಯಿಯನ್ನು ಪೂರ್ತಿ ಮುಚ್ಚಬೇಕೇ?

ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಅಥವಾ ಗಾಜಿನ ಮುಚ್ಚಳದಿಂದ ಪೂರ್ತಿ ಮುಚ್ಚಿ, ದಿನಕ್ಕೊಮ್ಮೆ ಐದರಿಂದ ಹತ್ತು ನಿಮಿಷ ತೆರೆದು ಹೊಸ ಗಾಳಿ ಆಡಿಸುವುದು ಸುರಕ್ಷಿತ ಕ್ರಮ. ಬೆಳಿಗ್ಗೆ ಒಳಗಿನ ಗಾಜಿನ ಮೇಲೆ ನೀರಿನ ಹನಿಗಳು ದಟ್ಟವಾಗಿ ಕೂತಿದ್ದರೆ ತೇವ ಸರಿಯಾಗಿದೆ; ಆ ದಿನ ನೀರು ಚಿಮುಕಿಸುವ ಅಗತ್ಯವೇ ಇರುವುದಿಲ್ಲ. ಗಾಜು ಒಣಗಿ ಸ್ವಚ್ಛವಾಗಿ ಕಂಡರೆ ಎಲ್ಲಿಂದಲೋ ತೇವ ತಪ್ಪಿಸಿಕೊಳ್ಳುತ್ತಿದೆ ಎಂದರ್ಥ. ಮೂರನೆಯ ವಾರದ ಹೊತ್ತಿಗೆ ಬೇರು ನೆಲೆಯಾಗಿರುವುದರಿಂದ ಒಂದು ಮೂಲೆಯನ್ನು ಸ್ವಲ್ಪ ತೆರೆದೇ ಇಡಬಹುದು. ಮಳೆಗಾಲದಲ್ಲಿ ಮಂಗಳೂರು, ಉಡುಪಿಯಂಥ ಊರುಗಳಲ್ಲಿ ಇದನ್ನು ಇನ್ನೂ ಬೇಗ ಮಾಡಬಹುದು, ಎ.ಸಿ. ಓಡುವ ಕೋಣೆಯಲ್ಲಿ ಮಾಡಲೇಬಾರದು.

ಬೆಳಕು ಎಷ್ಟು ಹೊತ್ತು? ಕಿಟಕಿಯ ಬಿಸಿಲು ಸಾಲದೇ?

ಮುಂದೆ ನೀರಿನ ತೊಟ್ಟಿಗೆ ಬಳಸುವ ಎಲ್‌ಇಡಿ ದೀಪವನ್ನೇ ದಿನಕ್ಕೆ 10ರಿಂದ 12 ಗಂಟೆ ಹಚ್ಚಬಹುದು. ನೇರ ಬಿಸಿಲು ಮಾತ್ರ ಕೂಡದು. ಮುಚ್ಚಿದ ಗಾಜಿನ ತೊಟ್ಟಿಯ ಮೇಲೆ ಬಿಸಿಲು ಬಿದ್ದರೆ ಒಳಗಿನ ಗಾಳಿ ಹೊರಗಿಗಿಂತ ಎಷ್ಟೋ ಹೆಚ್ಚು ಕಾದು, ಒಂದೇ ಮಧ್ಯಾಹ್ನದಲ್ಲಿ ಗಿಡ ಬೆಂದುಹೋಗುತ್ತದೆ. ಒಳಗಿನ ಉಷ್ಣಾಂಶ 22ರಿಂದ 28 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಉತ್ತಮ.

ಯಾವ ನೀರನ್ನು ಚಿಮುಕಿಸಬೇಕು?

ಮಳೆನೀರು ಅಥವಾ ಆರ್‌ಒ ಯಂತ್ರದಿಂದ ಶುದ್ಧವಾಗಿ ಬಂದ ನೀರು ಎಲ್ಲಕ್ಕಿಂತ ಒಳ್ಳೆಯದು. ಬೆಂಗಳೂರಿನಲ್ಲಿ ಕಾವೇರಿ ನೀರನ್ನು ಒಂದು ರಾತ್ರಿ ತೆರೆದ ಬಕೆಟ್‌ನಲ್ಲಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಬಹುದು. ಗಡಸಾದ ಬೋರ್‌ವೆಲ್ ನೀರನ್ನು ದಿನವೂ ಚಿಮುಕಿಸಿದರೆ ಪ್ರತಿ ಹನಿ ಆರಿದಾಗಲೂ ಎಲೆಯ ಮೇಲೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಕೆಲವು ವಾರಗಳಲ್ಲಿ ಎಲೆ, ಕಲ್ಲು, ಗಾಜು ಎಲ್ಲವೂ ಬೆಳ್ಳಗಾಗುತ್ತವೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಶುದ್ಧವಾಗಿ ಕಂಡರೂ ಅದು ತಾಮ್ರದ ಕೊಳವೆಗಳ ಮೇಲಿಂದ ಇಳಿದು ಬಂದಿರುತ್ತದೆ, ಮುಂದೆ ಸೀಗಡಿ ಸಾಕುವವರು ಅದನ್ನು ಬಳಸದಿರುವುದು ಲೇಸು.

ಈ ಹಂತದಲ್ಲಿ ಗೊಬ್ಬರ ಬೇಕೇ?

ಅಕ್ವಾ ಸಾಯಿಲ್ ಅಥವಾ ಮಣ್ಣು ಇದ್ದರೆ ಬೇಡ. ಬರಿಯ ಮರಳಿನಲ್ಲಿ ಬೆಳೆಸುವವರು ಅಕ್ವೇರಿಯಂನ ದ್ರವ ಗೊಬ್ಬರವನ್ನು ಬಹಳ ತೆಳುವಾಗಿ ಬೆರೆಸಿ ವಾರಕ್ಕೊಮ್ಮೆ ಚಿಮುಕಿಸಬಹುದು.

ಬೂಷ್ಟು ಬಂದರೆ ಏನು ಮಾಡಬೇಕು?

ಮೊದಲ ಎರಡು ವಾರಗಳಲ್ಲಿ ಮರದ ತುಂಡಿನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಾಣುವುದು ಸಹಜ, ಅದರಿಂದ ಗಿಡಕ್ಕೆ ಹಾನಿಯಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದರೆ ಸಾಕು. ಗಿಡದ ನಡುವೆ ಜೇಡರ ಬಲೆಯಂತೆ ಹರಡಿದರೆ ಮಾತ್ರ ಎಚ್ಚರ ವಹಿಸಬೇಕು. ಅದು ತೇವ ಹೆಚ್ಚಾಗಿ ಗಾಳಿ ಕಡಿಮೆಯಾದ ಲಕ್ಷಣ. ಬಾಧಿತ ಎಲೆಗಳನ್ನು ಕತ್ತರಿಸಿ, ನಿಂತ ನೀರು ತೆಗೆದು, ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಗಾಳಿಯಾಡಲು ಬಿಡಬೇಕು. ಉಳಿದ ಜಾಗಕ್ಕೆ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡನ್ನು ಹನಿ ಹನಿಯಾಗಿ ಹಾಕಬಹುದು, ಆದರೆ ಮಾಸ್ (ಕಲ್ಲು, ಮರಕ್ಕೆ ಅಂಟಿ ಬೆಳೆಯುವ ಬೇರಿಲ್ಲದ ಪುಟ್ಟ ಗಿಡ) ಮೇಲೆ ಬೀಳಬಾರದು. ತೋಟಕ್ಕೆ ಬಳಸುವ ಶಿಲೀಂಧ್ರನಾಶಕವನ್ನು ಯಾವ ಕಾರಣಕ್ಕೂ ಹಾಕಬೇಡಿ. ಅದು ಮಣ್ಣಿನಲ್ಲಿ ಉಳಿದು ಮುಂದೆ ನೀರಿಗೆ ಸೇರುತ್ತದೆ.

ಸೊಳ್ಳೆ ಬರುವುದಿಲ್ಲವೇ?

ಮಣ್ಣಿನ ಮೇಲೆ ನೀರು ನಿಂತಿಲ್ಲದಿದ್ದರೆ ಮತ್ತು ಬಾಯಿ ಬಿಗಿಯಾಗಿ ಮುಚ್ಚಿದ್ದರೆ ಬರುವುದಿಲ್ಲ. ಮುಂಭಾಗದಲ್ಲಿ ತಗ್ಗು ಮಾಡಿ ನೀರು ನಿಲ್ಲಿಸಿದವರು ಮಾತ್ರ ಪ್ರತಿದಿನ ನೋಡಲೇಬೇಕು. ನಮ್ಮ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಂಗೈಯಗಲದ ತಿಳಿನೀರು ಸಾಕಾಗುತ್ತದೆ. ಮುಚ್ಚಳದ ಮೂಲೆ ತೆರೆದಿಡುವ ಹಂತ ಬಂದಾಗ ಅಲ್ಲಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ.

ಕಲ್ಲು, ಮರದ ಮೇಲೆ ಮಾಸ್ ಬೆಳೆಸಲು ಇದೇ ವಿಧಾನ ಆಗುತ್ತದೆಯೇ?

ಆಗುತ್ತದೆ, ಮತ್ತು ದಾರ ಕಟ್ಟುವುದಕ್ಕಿಂತ ಅಂದವಾಗಿ ಬರುತ್ತದೆ. ಕ್ರಿಸ್‌ಮಸ್ ಮಾಸ್ ಅಥವಾ ಜಾವಾ ಮಾಸನ್ನು ಕತ್ತರಿಯಿಂದ ಅರ್ಧ ಸೆಂ.ಮೀ.ಗಿಂತ ಸಣ್ಣದಾಗಿ ಹೆಚ್ಚಿ, ಸ್ವಲ್ಪ ನೀರು ಬೆರೆಸಿ, ಬಣ್ಣ ಹಚ್ಚುವ ಬ್ರಷ್‌ನಿಂದ ಮರದ ಮೇಲೆ ತೆಳುವಾಗಿ ಬಳಿಯಬೇಕು. ಮೊಸರು ಅಥವಾ ಮಜ್ಜಿಗೆಯಲ್ಲಿ ಬೆರೆಸಿ ಹಚ್ಚುವ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಅದರಿಂದ ಮಾಸ್‌ಗಿಂತ ಮೊದಲು ಬೂಷ್ಟು ಬೆಳೆಯುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಮಾಸ್‌ಗೆ ಬೇರಿಲ್ಲ, ಅದು ಕೆಳಗಿನಿಂದ ನೀರು ಎಳೆದುಕೊಳ್ಳಲಾರದು. ಆದ್ದರಿಂದ ದಿನಕ್ಕೆ ಎರಡು ಮೂರು ಸಲವಾದರೂ ನೀರು ಚಿಮುಕಿಸಬೇಕು. ಅನುಬಿಯಾಸ್, ಬ್ಯುಸಿಫಲ್ಯಾಂಡ್ರಾಗಳನ್ನು ಕಲ್ಲಿನ ಸಂದಿಗೆ ಅಂಟಿಸುವಾಗ ಅವುಗಳ ದಪ್ಪ ಕಾಂಡವನ್ನು ಮಣ್ಣಿನಲ್ಲಿ ಹೂಳಬಾರದು.

ಎಷ್ಟು ವಾರ ಬಿಡಬೇಕು? ಯಾವ ದಿನ ನೀರು ತುಂಬಿಸಬೇಕು?

ಮಾಂಟೆ ಕಾರ್ಲೊ, ಎಲಿಯೋಕ್ಯಾರಿಸ್‌ಗಳಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ, ಮಾಸ್‌ಗೆ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಆದರೆ ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ, ಹಸಿರನ್ನು ನೋಡಿಯೂ ನಿರ್ಧರಿಸಬೇಡಿ; ಬೇರನ್ನು ನೋಡಿ. ಮಾಂಟೆ ಕಾರ್ಲೊದ ಬಳ್ಳಿಯನ್ನು ಹತ್ತಿರದಿಂದ ಗಮನಿಸಿದರೆ ಅದು ತೆವಳುತ್ತ ಪ್ರತಿ ಗೆಣ್ಣಿನಲ್ಲಿ ಒಂದು ಬಿಳಿಯ ಎಳೆಯನ್ನು ಕೆಳಕ್ಕೆ ಬಿಡುವುದು ಕಾಣುತ್ತದೆ. ಆರಂಭದಲ್ಲಿ ಆ ಎಳೆ ಗಾಳಿಯಲ್ಲಿಯೇ ಜೋತಿರುತ್ತದೆ. ಅದು ಮಣ್ಣು ಮುಟ್ಟಿ ಒಳಗಿಳಿದ ಮೇಲೆ ಆ ಗೆಣ್ಣಿನ ಎಲೆಗಳು ದೊಡ್ಡದಾಗಿ ಕಡುಹಸಿರಾಗುತ್ತವೆ. ತೊಟ್ಟಿಯ ಪಕ್ಕದ ಗಾಜಿನಿಂದ ನೋಡಿದಾಗ ಮಣ್ಣಿನ ಕಾಳುಗಳ ನಡುವೆ ಬಿಳಿ ಬೇರುಗಳು ತಳದವರೆಗೆ ಇಳಿದಿರುವುದು ಕಂಡರೆ, ಮತ್ತು ಒಂದು ಚಿಗುರನ್ನು ಚಿಮಟದಿಂದ ಮೆಲ್ಲಗೆ ಎಳೆದಾಗ ಅದು ಕಿತ್ತು ಬರದೆ ಬಿಗಿಯಾಗಿ ನಿಂತರೆ, ನೀರು ತುಂಬಿಸಬಹುದು. ಹಾಸು ಪೂರ್ತಿ ಕೂಡಿಕೊಂಡಿರಬೇಕೆಂದಿಲ್ಲ. ಅಲ್ಲಲ್ಲಿ ಖಾಲಿ ಜಾಗವಿದ್ದರೂ ಬೇರು ಆಳವಾಗಿದ್ದರೆ ಸಾಕು. ಅದಕ್ಕೆ ವಿರುದ್ಧವಾಗಿ, ಹಸಿರು ದಪ್ಪಗಾಗಿ ಪದರದ ಮೇಲೆ ಪದರ ಬೆಳೆದಿದ್ದರೆ ಕೆಳಗಿನ ಪದರ ಸತ್ತು ನೀರು ತುಂಬಿಸಿದಾಗ ಇಡೀ ಚಾಪೆ ಎದ್ದು ಬರುವ ಅಪಾಯವಿದೆ. ಹಾಗಿದ್ದರೆ ಎರಡು ವಾರ ಮೊದಲೇ ಕತ್ತರಿಸಿ ಗಿಡ್ಡ ಮಾಡಿಕೊಳ್ಳಬೇಕು.

ನೀರು ತುಂಬಿಸಿದ ಮೇಲೆ ಎಲೆಗಳು ಕರಗುವುದು ಏಕೆ?

ಗಾಳಿಗಾಗಿ ರೂಪುಗೊಂಡ ಎಲೆ ನೀರಿನೊಳಗೆ ಸರಿಯಾಗಿ ಕೆಲಸ ಮಾಡಲಾರದು. ಗಿಡ ಆ ಎಲೆಗಳಲ್ಲಿರುವುದನ್ನು ಹಿಂದಕ್ಕೆ ಪಡೆದು ನೀರಿಗೆ ಹೊಂದುವ ಹೊಸ ಎಲೆ ಕಟ್ಟುತ್ತದೆ. ಎರಡರಿಂದ ಮೂರು ವಾರ ಹಿಡಿಯುವ ಈ ಬದಲಾವಣೆಯಲ್ಲಿ ಹಳೆಯ ಎಲೆಗಳು ಹಳದಿಯಾಗಿ, ಪಾರದರ್ಶಕವಾಗಿ ಕರಗುತ್ತವೆ. ಕ್ರಿಪ್ಟೊಕೊರೈನ್‌ಗಳಲ್ಲಿ ಕೆಲವೊಮ್ಮೆ ಒಂದೇ ಒಂದು ಎಲೆಯೂ ಉಳಿಯುವುದಿಲ್ಲ, ಆದರೂ ಬುಡ ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಬೇರಿನ ಮೇಲೆ ಇಷ್ಟು ಒತ್ತು ಕೊಟ್ಟದ್ದು ಈ ಕಾರಣಕ್ಕೇ: ಎಲೆಯನ್ನು ಕಳೆದುಕೊಳ್ಳುವ ಈ ವಾರಗಳಲ್ಲಿ ಗಿಡವನ್ನು ಉಳಿಸುವುದು ಬೇರು.

ತುಂಬಿಸುವಾಗ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ತಟ್ಟೆಯಿಟ್ಟು ಅದರ ಮೇಲೆ ಸಣ್ಣ ಧಾರೆಯಾಗಿ ನೀರು ಬಿಡಿ. ಮೊದಲ ವಾರ ಪ್ರತಿದಿನ, ಎರಡನೆಯ ವಾರ ದಿನ ಬಿಟ್ಟು ದಿನ, ಮೂರನೆಯ ವಾರ ಎರಡು ಸಲ ಅರ್ಧದಷ್ಟು ನೀರು ಬದಲಿಸಬೇಕು. ಕರಗಿದ ಎಲೆಗಳನ್ನು ಆಗಲೇ ಕೊಳವೆಯಿಂದ ಎಳೆದು ತೆಗೆಯಬೇಕು, ಬಿಟ್ಟರೆ ಅವು ಕೊಳೆತು ಪಾಚಿಗೆ ಆಹಾರವಾಗುತ್ತವೆ. ಬೆಳಕನ್ನು 12 ಗಂಟೆಯಿಂದ ಒಮ್ಮೆಲೇ 6 ಗಂಟೆಗೆ ಇಳಿಸಿ, ಹೊಸ ಎಲೆ ಕಂಡ ಮೇಲೆ ಮೆಲ್ಲಗೆ ಏರಿಸಬೇಕು.

ಸಿಒ2 ಸಿಲಿಂಡರ್ ಇಲ್ಲದವರು ಡ್ರೈ ಸ್ಟಾರ್ಟ್ ಮಾಡಬಹುದೇ?

ಗಿಡದ ಆಯ್ಕೆ ಸರಿಯಾಗಿದ್ದರೆ ಮಾಡಬಹುದು. ಸಿಲಿಂಡರ್ ಕೊಳ್ಳುವುದನ್ನು ತಪ್ಪಿಸುವ ಉಪಾಯವೆಂದು ಇದನ್ನು ತಿಳಿದವರು ಬಹಳ ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ನಿರಾಶರಾಗುತ್ತಾರೆ. ಎರಡು ತಿಂಗಳು ಬೇಕಾದಷ್ಟು ಇಂಗಾಲ ಪಡೆದು ಸೊಂಪಾಗಿ ಬೆಳೆದ ಕ್ಯೂಬಾ ಗಿಡಕ್ಕೆ ಒಂದೇ ದಿನದಲ್ಲಿ ಅದರ ಪೂರೈಕೆ ಕುಸಿದರೆ, ಹೊಸ ಎಲೆ ಕಟ್ಟಬೇಕಾದ ಹೊತ್ತಿನಲ್ಲಿಯೇ ಬಂಡವಾಳ ಇಲ್ಲದಂತಾಗುತ್ತದೆ. ಆ ಗಿಡಗಳನ್ನು ಬಯಸುವವರು ಸಿಒ2 ಉಪಕರಣವನ್ನು ಮೊದಲೇ ಸಿದ್ಧವಿಟ್ಟು, ನೀರು ತುಂಬಿದ ಗಂಟೆಯಲ್ಲಿಯೇ ಚಾಲೂ ಮಾಡಿ, ಲೀಟರಿಗೆ 30 ಮಿ.ಗ್ರಾಂನ ಹತ್ತಿರಕ್ಕೆ ತರಬೇಕು. ಆಗ ಮೀನುಗಳಿರದ ಕಾರಣ ಡ್ರಾಪ್ ಚೆಕರ್ (ನೀರಿನಲ್ಲಿರುವ ಸಿಒ2 ಪ್ರಮಾಣವನ್ನು ಬಣ್ಣದಿಂದ ತೋರಿಸುವ ಸಣ್ಣ ಸಾಧನ) ಹಳದಿ ಮಿಶ್ರಿತ ಹಸಿರಾಗುವವರೆಗೂ ಹೋಗಬಹುದು. ಸಿಲಿಂಡರ್ ಬೇಡ ಎನ್ನುವವರು ಕ್ರಿಪ್ಟೊಕೊರೈನ್, ಅನುಬಿಯಾಸ್, ಬ್ಯುಸಿಫಲ್ಯಾಂಡ್ರಾ, ಮಾಸ್, ಮಾರ್ಸೀಲಿಯಾಗಳನ್ನು ಆರಿಸಿಕೊಂಡರೆ ಬದಲಾವಣೆಯನ್ನು ಅವು ತಾಳಿಕೊಳ್ಳುತ್ತವೆ.

ನೀರು ತುಂಬಿಸಿದ ದಿನವೇ ಮೀನು ಬಿಡಬಹುದೇ?

ಬಿಡಬಾರದು. ತೇವದ ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಸ್ವಲ್ಪ ಮಟ್ಟಿಗೆ ನೆಲೆಸಿರುತ್ತದೆ ಎಂಬುದು ನಿಜ, ಆದರೆ ಫಿಲ್ಟರ್ ಆ ದಿನ ಮೊದಲ ಸಲ ನೀರು ಕಾಣುತ್ತಿರುತ್ತದೆ. ಜೊತೆಗೆ ಕರಗುವ ಎಲೆಗಳು ಅಮೋನಿಯಾ ಬಿಡುತ್ತವೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಒಂದು ವಾರ ಸತತವಾಗಿ ಸೊನ್ನೆ ತೋರಿಸುವವರೆಗೆ ಕಾಯಬೇಕು. ಅದಕ್ಕೆ ಮೂರರಿಂದ ಆರು ವಾರ ಬೇಕಾಗಬಹುದು. ಬಳಿಕ ಮೊದಲು ಪಾಚಿ ತಿನ್ನುವ ಕೆಲವು ಸೀಗಡಿಗಳನ್ನು ಬಿಟ್ಟು, ಆಮೇಲೆ ಮೀನುಗಳನ್ನು ಒಂದೊಂದು ಗುಂಪಾಗಿ ಸೇರಿಸುವುದು ಕ್ಷೇಮ.

ವರ್ಷದ ಯಾವ ತಿಂಗಳಲ್ಲಿ ಆರಂಭಿಸಬೇಕು?

ಬೆಂಗಳೂರು, ಮೈಸೂರು, ಮಲೆನಾಡಿನಲ್ಲಿ ಯಾವಾಗ ಬೇಕಾದರೂ ಸರಿ; ಡಿಸೆಂಬರ್, ಜನವರಿಯ ಚಳಿಯಲ್ಲಿ ಎರಡು ವಾರ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಕಲಬುರಗಿ, ರಾಯಚೂರು ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿಯೇ 40 ಡಿಗ್ರಿ ದಾಟುವುದರಿಂದ ಮುಚ್ಚಿದ ತೊಟ್ಟಿಯನ್ನು ತಂಪಾಗಿಡುವುದು ಕಷ್ಟ. ಅಲ್ಲಿ ಮಳೆ ಹಿಡಿದ ಮೇಲೆ ಆರಂಭಿಸುವುದು ಸೂಕ್ತ.

ಈಗಾಗಲೇ ಮೀನಿರುವ ತೊಟ್ಟಿಯನ್ನು ಖಾಲಿ ಮಾಡಿ ಹೀಗೆ ಬೆಳೆಸಬಹುದೇ?

ಮಾಡಬಹುದು, ಆದರೆ ಎರಡು ತಿಂಗಳು ಮೀನುಗಳಿಗೆ ಬೇರೆ ತೊಟ್ಟಿ ಬೇಕು. ಹಳೆಯ ಮಣ್ಣಿನಲ್ಲಿ ಸೇರಿಕೊಂಡ ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಬೂಷ್ಟಿಗೆ ಕಾರಣವಾಗುವುದರಿಂದ ನೀರು ಇಳಿಸುವಾಗಲೇ ತಳವನ್ನು ಸೈಫನ್ ಮಾಡಿ ತೆಗೆಯಬೇಕು. ನೀರಿನೊಳಗೆ ಬೆಳೆದ ಗಿಡಗಳನ್ನು ಹಾಗೆಯೇ ಬಿಟ್ಟರೆ ಅವುಗಳ ತೆಳು ಎಲೆಗಳು ಗಾಳಿಯಲ್ಲಿ ಬಾಡುತ್ತವೆ. ಮುಚ್ಚಳ ಬಿಗಿಯಾಗಿದ್ದರೆ ಬುಡದಿಂದ ಗಾಳಿಯ ಎಲೆಗಳು ಚಿಗುರುತ್ತವೆ. ಫಿಲ್ಟರನ್ನು ಮಾತ್ರ ನಿಲ್ಲಿಸಬೇಡಿ. ಮೀನುಗಳಿರುವ ತಾತ್ಕಾಲಿಕ ತೊಟ್ಟಿಗೆ ಅದನ್ನು ಜೋಡಿಸಿ ಓಡಿಸುತ್ತಿದ್ದರೆ ಅದರೊಳಗಿನ ಬ್ಯಾಕ್ಟೀರಿಯಾ ಜೀವಂತವಾಗಿರುತ್ತದೆ, ಮತ್ತೆ ನೀರು ತುಂಬಿಸಿದ ದಿನ ಅದೇ ಫಿಲ್ಟರನ್ನು ತಂದು ಹಾಕಬಹುದು. ಆಗಲೂ ಅಮೋನಿಯಾ ಪರೀಕ್ಷೆ ಮಾಡಿಯೇ ಮೀನುಗಳನ್ನು ಹಿಂದಕ್ಕೆ ತರಬೇಕು.